ಶಾಲು ಬೇಡ, ಒಮ್ಮೆ ಆಡಿ ಸಾಯಿರಿ

ಹೋದ ನವೆಂಬರಿನಲ್ಲಿ ನನಗೊಂದು ಸನ್ಮಾನವಾಯಿತು. ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ, ನೆನಪಿನ ಫಲಕ ಎಲ್ಲವೂ ಕ್ರಮವಾಗಿ ಬಂದವು. ಕನ್ನಡದಲ್ಲಿ ಕಂಪ್ಯೂಟರ್ ಆಟವೊಂದನ್ನು ಮಾಡಿದ್ದಕ್ಕೆ. ಮುಖ್ಯ ಅತಿಥಿಗಳು ಕವಿರಾಜಮಾರ್ಗದಿಂದ ಹೊರಟು ಕೃತಕ ಬುದ್ಧಿಮತ್ತೆಯವರೆಗೆ ಹೋಗಿ, ನಡುವೆ ಎಲ್ಲೋ ನನ್ನ ಹೆಸರನ್ನೂ ಮುಟ್ಟಿ ಬಂದರು. ವೇದಿಕೆ ಇಳಿಯುವಾಗ ಅವರನ್ನು ಕೇಳಿದೆ: “ಸರ್, ಆಟ ಆಡಿದ್ರಾ?”

“ಇಲ್ಲಮ್ಮ, ಟೈಮೇ ಆಗ್ಲಿಲ್ಲ. ಮೊಮ್ಮಗನಿಗೆ ಹೇಳ್ತೀನಿ.”

ಬಹಳ ಪ್ರೀತಿಯಿಂದಲೇ ಹೇಳಿದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ನನ್ನ ಜಗಳ ಇರುವುದು ಆ ಪ್ರೀತಿಯ ಜೊತೆಗೆ.

ಮೊದಲು ಆಟ ಏನೆಂದು ಹೇಳಿಬಿಡುತ್ತೇನೆ. ಹೆಸರು ‘ತೂಬು’. ಚಿತ್ರವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಬರೀ ಅಕ್ಷರ. ನೀವೊಬ್ಬ ನೀರುಗಂಟಿಯ ಮಗಳು. ಹೂಳು ತುಂಬಿದ ಹಳೆಯ ಕೆರೆಯ ಒಡಲಿಗಿಳಿದು, ಮುಚ್ಚಿಹೋಗಿರುವ ತೂಬನ್ನು ಹುಡುಕಿ ತೆರೆಯಬೇಕು. ಪ್ರತಿ ಸಲ ಆಟ ಶುರುವಾದಾಗಲೂ ಒಳದಾರಿಗಳನ್ನು ಕಂಪ್ಯೂಟರ್ ಹೊಸದಾಗಿ ಕಟ್ಟುತ್ತದೆ. ನಿನ್ನೆಯ ದಾರಿ ಇವತ್ತಿಲ್ಲ. ಸತ್ತರೆ ಸತ್ತಂತೆಯೇ, ಮತ್ತೆ ಮೊದಲಿನಿಂದ. ಪೂರ್ತಿ ಆಡಿದರೆ ಒಂದು ಆಟಕ್ಕೆ ಇಪ್ಪತ್ತು ನಿಮಿಷ. ಹೆಚ್ಚಿನವರು ಐದೇ ನಿಮಿಷಕ್ಕೆ ಸಾಯುತ್ತಾರೆ.

ಇಂಥ ಆಟಗಳನ್ನು ‘ರೋಗ್‌ಲೈಕ್’ ಎನ್ನುತ್ತಾರೆ. 1980ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಸ್ ಕ್ಯಾಂಪಸ್ಸಿನಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ವಿದ್ಯಾರ್ಥಿಗಳು ಬರೆದ ‘ರೋಗ್’ ಆಟದಿಂದ ಬಂದ ಹೆಸರು. ಅದರಲ್ಲಿ @ ಎಂದರೆ ಆಟಗಾರ. ಇಂಗ್ಲಿಷಿನ 26 ದೊಡ್ಡಕ್ಷರಗಳು 26 ಬಗೆಯ ಪ್ರಾಣಿ, ರಾಕ್ಷಸರು. 1983ರಲ್ಲಿ ಬಿಎಸ್‌ಡಿ ಯೂನಿಕ್ಸ್ ಜೊತೆ ಸೇರಿಕೊಂಡು ಅದು ಎಷ್ಟೋ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಕೋಣೆಗಳನ್ನು ಹೊಕ್ಕಿತು. ಮುಂದೆ 1987ರಲ್ಲಿ ‘ನೆಟ್‌ಹ್ಯಾಕ್’ ಬಂತು, 2006ರಲ್ಲಿ ‘ಡ್ವಾರ್ಫ್ ಫೋರ್ಟ್ರೆಸ್’ ಬಂತು.

ಈ ಪರಂಪರೆ ಹೇಗೆ ಬೆಳೆಯಿತು ಎಂಬುದು ನನ್ನ ವಾದಕ್ಕೆ ಮುಖ್ಯ. ‘ನೆಟ್‌ಹ್ಯಾಕ್’ ಆಡುವವರಲ್ಲಿ ತಮ್ಮ ಪೆದ್ದು ಸಾವುಗಳನ್ನು ಬರೆದು ಹಂಚಿಕೊಳ್ಳುವ ವಾಡಿಕೆಯಿದೆ. ‘ಡ್ವಾರ್ಫ್ ಫೋರ್ಟ್ರೆಸ್’ ಮಾಡಿದ ಟಾರ್ನ್ ಮತ್ತು ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು ಹಲವು ವರ್ಷ ಅದನ್ನು ಪುಕ್ಕಟೆ ಕೊಟ್ಟು, ಆಡಿದವರು ಕಳಿಸಿದ ದೇಣಿಗೆಯಲ್ಲೇ ಕೆಲಸ ಮುಂದುವರಿಸಿದರು. ಚಿತ್ರಗಳಿರುವ ಮಾರಾಟದ ಆವೃತ್ತಿ ಬಂದದ್ದು 2022ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಅದಕ್ಕೆ ಪ್ರಚಾರ ಕೊಟ್ಟದ್ದು ‘ನನ್ನ ಕೋಟೆ ಹೇಗೆ ಬಿತ್ತು’ ಎಂದು ಆಟಗಾರರು ಬರೆದ ಕಥೆಗಳು. ‘ಕೇವ್ಸ್ ಆಫ್ ಕುಡ್’ ಎಂಬ ಇನ್ನೊಂದು ಆಟ 2015ರಲ್ಲಿ ಅರೆಬೆಂದ ಸ್ಥಿತಿಯಲ್ಲೇ ಸ್ಟೀಮ್ ಅಂಗಡಿಗೆ ಬಂದು, ಪೂರ್ಣ ಆವೃತ್ತಿಯಾಗಿ ಹೊರಬಿದ್ದದ್ದು 2024ರ ಡಿಸೆಂಬರಿನಲ್ಲಿ. ಒಂಬತ್ತು ವರ್ಷ ಜನ ಅದನ್ನು ಆಡಿ, ಬೈದು, ಮತ್ತೆ ಆಡಿದರು. ಈ ಆಟಗಳನ್ನು ದೊಡ್ಡದು ಮಾಡಿದ್ದು ಸೋತವರ ದೂರುಗಳು.

ಇನ್ನು ನಮ್ಮಲ್ಲಿಗೆ ಬರೋಣ. ‘ತೂಬು’ ಶುರುಮಾಡಿದಾಗ ಸಿಕ್ಕ ಸಲಹೆಗಳು ಮೂರು. “ಪಿಎಚ್‌ಡಿ ಮುಗಿಸಮ್ಮ, ಆಮೇಲೆ ಆಟ ಆಡು” ಎಂದರು ಇಲಾಖೆಯ ಹಿರಿಯರೊಬ್ಬರು. ಬೆಂಗಳೂರಿನಲ್ಲಿ ಆಟ ತಯಾರಿಸುವವರ ಕೂಟವೊಂದರಲ್ಲಿ “ಚಿತ್ರ ಹಾಕಿ, ಬರೀ ಅಕ್ಷರ ಯಾರು ನೋಡ್ತಾರೆ” ಎಂದರು. ಅಲ್ಲೇ ಇನ್ನೊಬ್ಬರು “ಮೊದಲು ಇಂಗ್ಲಿಷಿನಲ್ಲಿ ಮಾಡಿ, ಆಮೇಲೆ ಕನ್ನಡಕ್ಕೆ ಅನುವಾದಿಸಿಕೊಳ್ಳಿ” ಎಂದರು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಪ್ರಬಂಧದ ನಾಲ್ಕನೇ ಅಧ್ಯಾಯ ಇನ್ನೂ ಅಲ್ಲೇ ಇದೆ. ಎರಡನೆಯದಕ್ಕೆ ಉತ್ತರ ತಾಳಮದ್ದಲೆಯಲ್ಲಿದೆ. ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ, ಅರ್ಥ ಮಾತ್ರ ಪ್ರತಿ ರಾತ್ರಿ ಹೊಸದು. ಕರಾವಳಿ, ಮಲೆನಾಡಿನ ಜನ ಬರೀ ಮಾತು ಕೇಳಲು ರಾತ್ರಿಯಿಡೀ ಕೂತವರು. ಯಾವ ಅರ್ಥಧಾರಿ ಎಲ್ಲಿ ಜಾರಿದ ಎಂದು ಮರುದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ತೀರ್ಪು ಕೊಟ್ಟವರು. ಆ ಜನರೆದುರು ‘ಬರೀ ಅಕ್ಷರ’ ಎಂಬ ತಾತ್ಸಾರ ನಡೆಯುವುದಿಲ್ಲ.

ಮೂರನೆಯ ಸಲಹೆ ಹೆಚ್ಚು ಅಪಾಯದ್ದು, ಏಕೆಂದರೆ ಅದು ವ್ಯಾವಹಾರಿಕವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ‘ನೀನು ಇಂಥದ್ದನ್ನು ಹೊಡೆದೆ’ ಎಂಬ ಅಚ್ಚು ಒಂದೇ ಸಾಕು; ನಡುವೆ ಪ್ರಾಣಿಯ ಹೆಸರನ್ನು ಬದಲಿಸುತ್ತಾ ಹೋದರಾಯಿತು. ಕನ್ನಡದಲ್ಲಿ ಆ ಅಚ್ಚಿಗೆ ಹೆಸರುಗಳನ್ನು ಸುರಿದಾಗ ನನ್ನ ಆಟ ‘ಹಾವುವನ್ನು ಹೊಡೆದೆ’ ಎಂದಿತು. ‘ಉ’ಕಾರ ಬಿಡಿಸುವ ನಿಯಮ ಬರೆದೆ. ‘ಹಾವನ್ನು’ ಸರಿಯಾಯಿತು, ಮರುಕ್ಷಣ ‘ಕರನ್ನು ಕಟ್ಟಿದೆ’ ಎಂದಿತು. ಕರು ‘ಕರುವನ್ನು’ ಆಗಬೇಕು, ಇಲಿ ‘ಇಲಿಯನ್ನು’ ಆಗಬೇಕು, ಕೆಸರು ‘ಕೆಸರನ್ನು’ ಆಗಬೇಕು. ಎರಡೂ ಅಕ್ಷರ ಹ್ರಸ್ವವಾದರೆ ಕೊನೆಯ ‘ಉ’ ಉಳಿಯುತ್ತದೆ ಎಂಬುದನ್ನು ಬಾಯಿ ತಾನಾಗಿ ಪಾಲಿಸುತ್ತದೆ, ಯಂತ್ರಕ್ಕೆ ಹೇಳಿಕೊಡಬೇಕು. ನನ್ನ ಸಂಶೋಧನೆಯೇ ವಿಭಕ್ತಿ ಪ್ರತ್ಯಯಗಳ ಮೇಲೆ. ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಧಿ ಪ್ರಕರಣವನ್ನು ಪರೀಕ್ಷೆಗಾಗಿ ಓದಿದ್ದೆ. ಲೋಪ, ಆಗಮಗಳು ಕೆಲಸ ಮಾಡುವ ಸೂತ್ರಗಳು ಎಂದು ಅರ್ಥವಾದದ್ದು ಆ ಕರುವಿನ ರಾತ್ರಿ.

ಅಕ್ಷರಗಳ ಕಥೆಯೂ ಹೀಗೇ. ಇಂಥ ಆಟಗಳ ನಕ್ಷೆ ಒಂದು ಚೌಕಕ್ಕೆ ಒಂದು ಅಕ್ಷರ ಎಂಬ ಲೆಕ್ಕದ ಮೇಲೆ ನಿಂತಿದೆ. ನಮಗೆ ‘ಸ್ತ್ರೀ’ ಒಂದು ಅಕ್ಷರ. ಯೂನಿಕೋಡಿಗೆ ಅದು ಆರು ಸಂಕೇತ. ಹಳೆಯ ಬಗೆಯ ಕಪ್ಪು ಪರದೆಯಲ್ಲಿ ಒತ್ತಕ್ಷರ ಒಡೆದು, ದೀರ್ಘ ಪಕ್ಕದ ಮನೆಗೆ ಹೋಗಿ ಕೂರುತ್ತಿತ್ತು. ಹಾಗಾಗಿ ನಕ್ಷೆಯನ್ನು ಬ್ರೌಸರಿಗೆ ತಂದು, ಕಾಗುಣಿತವಿಲ್ಲದ ಬಿಡಿ ಅಕ್ಷರಗಳನ್ನಷ್ಟೇ ಬಳಸಿದೆ. ಹಾವಿಗೆ ‘ಹ’, ಏಡಿಗೆ ‘ಏ’, ಆಟಗಾರನಿಗೆ @ ಬದಲು ನಾನು ಎಂಬುದರ ‘ನ’. ಸತ್ತವರಿಗೆ, ಬಳಕೆಯಿಂದ ಬಿದ್ದುಹೋದ ‘ೞ’. ಇಂಗ್ಲಿಷಿನಲ್ಲಿ ಮಾಡಿ ಅನುವಾದಿಸಿದ್ದರೆ ಇವು ಯಾವುವೂ ನನಗೆ ಎದುರಾಗುತ್ತಿರಲಿಲ್ಲ. ಪಠ್ಯದ ಆಟ ಮಾಡುವುದೆಂದರೆ ಬರೆಯುವುದು. ಹಾಗಿರುವಾಗ ಅದನ್ನು ಓದಬೇಕಾದವರು ಬರಹವನ್ನು ಓದುವ ಹಾಗೇ ಓದಬೇಕು.

ಆದರೆ ನಾನು ಅದನ್ನು ಮಾರಿದ್ದು ಹೇಗೆ? ಇಲ್ಲಿ ತಪ್ಪು ನನ್ನದೂ ಹೌದು. ‘ಕನ್ನಡದ ಮೊಟ್ಟಮೊದಲ...’ ಎಂದು ಪೋಸ್ಟರ್ ಮಾಡಿದೆ. ಮೊದಲನೆಯದೋ ಅಲ್ಲವೋ ವಿಚಾರಿಸಲಿಲ್ಲ. ಹಳದಿ, ಕೆಂಪು ಬಣ್ಣ ಬಳಿದೆ. ‘ಕನ್ನಡಿಗರೇ, ಬೆಂಬಲಿಸಿ’ ಎಂದು ಬರೆದೆ. ಎರಡೇ ದಿನಕ್ಕೆ 600ಕ್ಕೂ ಹೆಚ್ಚು ಜನ ಹಂಚಿಕೊಂಡರು. ‘ಹೆಮ್ಮೆ’, ‘ಶ್ಲಾಘನೀಯ’, ‘ಜೈ ಕನ್ನಡಾಂಬೆ’. ಆ ಎರಡು ದಿನದಲ್ಲಿ ಆಟ ತೆರೆದವರು 51 ಮಂದಿ. ಮೊದಲ ಸಾವಿನ ನಂತರ ಇನ್ನೊಮ್ಮೆ ಶುರುಮಾಡಿದವರು 9. ನಾನು ಬೆಂಬಲ ಕೇಳಿದ್ದೆ, ಬೆಂಬಲ ಸಿಕ್ಕಿತು. ಆಡಿ ಎಂದು ಕೇಳಿರಲೇ ಇಲ್ಲ.

ಆ ಒಂಬತ್ತರಲ್ಲಿ ಒಬ್ಬರು ಮೇಲ್ ಬರೆದರು. ಹನ್ನೊಂದು ಸಲ ಸತ್ತಿದ್ದರು. ಎಲ್ಲೆಲ್ಲಿ, ಹೇಗೆ ಎಂದು ಪಟ್ಟಿ ಕೊಟ್ಟಿದ್ದರು. ಕೊನೆಗೆ ಹೀಗಿತ್ತು: “ನಿಮ್ಮ ಆಟದಲ್ಲಿ ಪಟೇಲರು ‘ಬಂದರು’, ಶಾನುಭೋಗರು ‘ಹೇಳಿದರು’. ನೀರುಗಂಟಿ ಮಾತ್ರ ‘ಬಂದ’, ‘ಹೇಳಿದ’. ಶಾನುಭೋಗರು ‘ತೀರಿಕೊಂಡರು’, ಅವನು ‘ಸತ್ತ’. ನಮ್ಮ ತಾತ ನೀರುಗಂಟಿ. ನಮ್ಮ ಮನೆಯಲ್ಲಿ ಯಾರೂ ಅವರ ಬಗ್ಗೆ ಹೀಗೆ ಮಾತಾಡಿದ್ದಿಲ್ಲ.”

ಕೋಡ್ ತೆಗೆದು ನೋಡಿದೆ. ಪ್ರತಿ ಪಾತ್ರದ ಮುಂದೆ ‘ಗೌರವ’ ಎಂಬ ಒಂದು ಕಾಲಂ. ಹೌದು ಅಥವಾ ಇಲ್ಲ. ಕ್ರಿಯಾಪದಕ್ಕೆ ‘ರು’ ಹತ್ತಬೇಕೋ ಬೇಡವೋ ಎಂದು ಯಂತ್ರಕ್ಕೆ ತಿಳಿಸಲು ಇಟ್ಟದ್ದು. ಒಂದು ರಾತ್ರಿ ನಾನೇ ಕೂತು ತುಂಬಿಸಿದ್ದೆ. ಪಟೇಲ, ಹೌದು. ಶಾನುಭೋಗ, ಹೌದು. ಪೂಜಾರಿ, ಹೌದು. ನೀರುಗಂಟಿ, ಇಲ್ಲ. ಬಹಳ ಊರುಗಳಲ್ಲಿ ನೀರುಗಂಟಿ ಕೆಲಸ ದಲಿತ ಕುಟುಂಬಗಳದ್ದು ಎಂದು ಗೊತ್ತಿದ್ದೇ ಆ ಪಾತ್ರವನ್ನು ಆರಿಸಿಕೊಂಡಿದ್ದೆ. ಆಟದ ನಾಯಕಿ ಅವರ ಮಗಳು ಎಂದು ಒಳಗೊಳಗೇ ಬೀಗಿದ್ದೆ ಕೂಡ. ಕೈ ಮಾತ್ರ ತನಗೆ ಅಭ್ಯಾಸವಾದದ್ದನ್ನೇ ಬರೆದಿತ್ತು. ಇಂಗ್ಲಿಷಿನ ಅಚ್ಚಿನಲ್ಲಿ ಆ ಕಾಲಂ ಇರುವುದೇ ಇಲ್ಲ, ಹಾಗಾಗಿ ಆ ಪ್ರಶ್ನೆಯೂ ಏಳುವುದಿಲ್ಲ. ಕನ್ನಡದಲ್ಲಿ ಜಾತಿ ಕ್ರಿಯಾಪದದ ತುದಿಯಲ್ಲಿ ಕೂತಿರುತ್ತದೆ. ಅದನ್ನು ನಾನು ಪ್ರಬಂಧದಲ್ಲಿ ಬರೆಯಬಲ್ಲವಳು. ನನ್ನದೇ ಆಟದಲ್ಲಿ ಕಾಣಲಿಲ್ಲ.

ಹಂಚಿಕೊಂಡ 600 ಜನರಲ್ಲಿ ಯಾರಿಗೂ ಕಾಣಲಿಲ್ಲ. ಹೇಗೆ ಕಾಣಬೇಕು? ಅವರು ಪೋಸ್ಟರ್ ನೋಡಿದ್ದರು. ಸನ್ಮಾನ ಮಾಡಿದವರು ಆ ಸಾಲುಗಳು ಹಾಗೇ ಇದ್ದ ಆಟಕ್ಕೇ ಶಾಲು ಹೊದೆಸಿದರು. ಆ ಮೇಲ್ ಬಂದದ್ದು ಸನ್ಮಾನದ ವಾರ ಕಳೆದ ಮೇಲೆ.

ಈಗ ಆ ಕಾಲಂ ಪಾತ್ರದ ಮುಂದೆ ಇಲ್ಲ. ಮಾತಾಡುವವರ ಮುಂದೆ ಇದೆ. ಆಟದ ಕಥೆ ಹೇಳುವವಳು ಮಗಳು, ಆದ್ದರಿಂದ ಅವಳ ಬಾಯಲ್ಲಿ ಅಪ್ಪ ‘ಬಂದರು’. ಶಾನುಭೋಗರ ಬಾಯಲ್ಲಿ ಅದೇ ಅಪ್ಪ ಇನ್ನೂ ‘ಬಂದ’. ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದು ಈಗ ಆಟದೊಳಗೆ ಕೇಳಿಸುತ್ತದೆ. ಆಟ ಮೊದಲಿಗಿಂತ ಚೆನ್ನಾಗಿದೆ. ಅದನ್ನು ಚೆನ್ನಾಗಿಸಿದ್ದು ಹನ್ನೊಂದು ಸಲ ಸತ್ತು, ಬೇಜಾರು ಮಾಡಿಕೊಂಡು ಬರೆದ ಒಬ್ಬ ಓದುಗ.

ನೀವು ಕೇಳಬಹುದು: ಸಣ್ಣ ಪ್ರಯತ್ನಗಳಿಗೆ ಪ್ರೋತ್ಸಾಹ ಬೇಡವೇ? ಬೆನ್ನು ತಟ್ಟದಿದ್ದರೆ ಎಳೆಯರು ಮುಂದೆ ಬರುತ್ತಾರೆಯೇ? ಬೆನ್ನು ತಟ್ಟಿ, ಬೇಡ ಎನ್ನಲಾರೆ. ಆದರೆ ಬಾಗಿಲಲ್ಲೇ ನಿಂತು ತಟ್ಟಿ ಹೋಗುವುದು ಪ್ರೋತ್ಸಾಹವಲ್ಲ, ಬೀಳ್ಕೊಡುಗೆ. ‘ಕನ್ನಡದಲ್ಲಿದೆ, ಅದೇ ದೊಡ್ಡದು’ ಎಂಬ ಮಾತಿನಲ್ಲಿ ಒಂದು ಅವಮಾನ ಅಡಗಿದೆ. ಇಂಗ್ಲಿಷಿನ ಆಟವನ್ನು ಚೆನ್ನಾಗಿದೆಯೇ ಎಂದು ಅಳೆಯುತ್ತೇವೆ. ಕನ್ನಡದ್ದು ಹುಟ್ಟಿದ್ದೇ ಸಾಕು ಎನ್ನುತ್ತೇವೆ. ಆಮೇಲೆ ಕನ್ನಡದಲ್ಲಿ ಒಳ್ಳೆಯದು ಬರುವುದಿಲ್ಲ ಎಂದು ಕೊರಗುವವರೂ ನಾವೇ.

‘ಇದೆಲ್ಲ ಸಾಹಿತ್ಯವೇ’ ಎಂಬ ಇನ್ನೊಂದು ಪ್ರಶ್ನೆ ನಮ್ಮ ಇಲಾಖೆಯ ಕಾರಿಡಾರಿನಲ್ಲಿ ಓಡಾಡುತ್ತಿರುತ್ತದೆ. 2025ರಲ್ಲಿ ‘ಕೇವ್ಸ್ ಆಫ್ ಕುಡ್’ಗೆ ಹ್ಯೂಗೋ ಪ್ರಶಸ್ತಿ ಬಂತು ಎಂದು ಹೇಳಿ ಬಾಯಿ ಮುಚ್ಚಿಸಬಹುದು. ಹಾಗೆ ಮಾಡಲಾರೆ, ಅದೂ ಶಾಲು ತೋರಿಸಿ ಗೆದ್ದಂತೆ. ಕಾದಂಬರಿಯ ನಿರೂಪಕನ ದನಿಯಲ್ಲಿ ಯಾರ ಪಕ್ಷಪಾತ ಇದೆ ಎಂದು ಸೆಮಿನಾರಿನಲ್ಲಿ ಎರಡು ಗಂಟೆ ಚರ್ಚೆ ಮಾಡುವವರು ನಾವು. ಅದೇ ಕಣ್ಣನ್ನು ಇಪ್ಪತ್ತು ನಿಮಿಷ ಇಲ್ಲಿ ಇಡಿ. ಕೆಟ್ಟ ಸಾಹಿತ್ಯ ಎಂದು ತೀರ್ಪು ಕೊಟ್ಟರೂ ಸರಿ, ಓದಿ ಕೊಟ್ಟ ತೀರ್ಪಾಗಿರಲಿ.

ಪೋಸ್ಟರಿನಿಂದ ‘ಮೊಟ್ಟಮೊದಲ’ ತೆಗೆದಿದ್ದೇನೆ. ‘ಬೆಂಬಲಿಸಿ’ಯೂ ಹೋಯಿತು. ಈಗ ಅಲ್ಲಿರುವುದು ಒಂದೇ ಸಾಲು: ‘ಆಡಿ. ಹೇಗೆ ಸತ್ತಿರಿ ಎಂದು ಬರೆಯಿರಿ.’ ಹಂಚಿಕೊಳ್ಳುವವರು ತೀರಾ ಕಡಿಮೆಯಾಗಿದ್ದಾರೆ. ಬರುವ ಮೇಲ್‌ಗಳು ಜಾಸ್ತಿಯಾಗಿವೆ, ಹೆಚ್ಚಿನವು ಬೈಗುಳ. ಏಡಿ ವಿಪರೀತ ಬಲಿಷ್ಠ ಎಂದು ನಾಲ್ವರು ಬರೆದಿದ್ದಾರೆ. ನಿಜ, ಈ ವಾರ ಸರಿಮಾಡುತ್ತೇನೆ.

ಮುಖ್ಯ ಅತಿಥಿಗಳ ಮೊಮ್ಮಗನಿಂದ ಇನ್ನೂ ಏನೂ ಬಂದಿಲ್ಲ. ಕಾಯುತ್ತಿದ್ದೇನೆ.