ಪತ್ರಿಕಾ ಸ್ವಾತಂತ್ರ್ಯವೂ ಕಬ್ಬಿನ ಕಾಟಾವೂ

1882ನೆಯ ಇಸವಿಯಲ್ಲಿ ಕೊಲ್ಹಾಪುರದ ಕಾರಭಾರಿಯವರ ನಡೆವಳಿಕೆಯನ್ನು ಟೀಕಿಸಿದ ಕಾರಣಕ್ಕಾಗಿ ‘ಕೇಸರಿ’ ‘ಮರಾಠಾ’ ಪತ್ರಿಕೆಗಳ ಟಿಳಕರೂ ಆಗರಕರರೂ ಮಾನಹಾನಿಯ ಖಟ್ಲೆಗೆ ಗುರಿಯಾಗಿ, ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆಯಬೇಕಾಯಿತು. ರಾಯಬಾಗವು ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆದುದರಿಂದ ಪತ್ರಿಕಾ ಸ್ವಾತಂತ್ರ್ಯದ ಪ್ರಶ್ನೆಯು ಈ ಸೀಮೆಗೆ ಹೊಸದೇನೂ ಅಲ್ಲ. ಆದರೆ ಅಂದು ಪತ್ರಿಕೆಯ ಬಾಯಿ ಮುಚ್ಚಿಸಬೇಕೆನ್ನುವವರು ನ್ಯಾಯಾಸ್ಥಾನದ ಮೆಟ್ಟಲನ್ನೇರಬೇಕಾಗಿದ್ದಿತು. ಇಂದು ಅಷ್ಟು ಶ್ರಮವೂ ಬೇಕಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಸುಶಿಕ್ಷಿತ ಗೃಹಸ್ಥರು ಈ ಭೇದವನ್ನು ಮನಗಾಣುವದು ಅತ್ಯವಶ್ಯವಾಗಿದೆ.

ಮೊದಲು ಪೂರ್ವಪಕ್ಷವನ್ನು ಕೇಳೋಣ. “ಸಂವಿಧಾನದ 19ನೆಯ ಅನುಚ್ಛೇದವು ವಾಕ್‌ಸ್ವಾತಂತ್ರ್ಯವನ್ನು ದಯಪಾಲಿಸಿದೆ. ಪತ್ರಿಕೆಯ ಪ್ರಸಾರವೂ ಅದರಲ್ಲಿ ಅಡಕವಾಗಿರುವದೆಂದು ಸರ್ವೋಚ್ಚ ನ್ಯಾಯಾಲಯವು 1950ರಲ್ಲಿಯೇ ರೊಮೇಶ್ ಥಾಪರರ ಖಟ್ಲೆಯಲ್ಲಿ ನಿರ್ಣಯಿಸಿದೆ. 1975ರ ತುರ್ತು ಪರಿಸ್ಥಿತಿಯಲ್ಲಿ ಬಂದ ಸೆನ್ಸಾರು 1977ಕ್ಕೇ ತೊಲಗಿತು. ಇನ್ನು ಯಾವ ಸ್ವಾತಂತ್ರ್ಯ ಬೇಕು?” ಎಂದು ಅನೇಕರು ಕೇಳುತ್ತಾರೆ.

ಈ ಮಾತು ಪೂರ್ಣ ಸುಳ್ಳಲ್ಲ. ಪೂರ್ಣ ನಿಜವೂ ಅಲ್ಲ. 2017ರ ಜೂನಿನಲ್ಲಿ ಕರ್ನಾಟಕದ ವಿಧಾನಸಭೆಯು ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷದ ಸೆರೆವಾಸವನ್ನು ಗೊತ್ತುಪಡಿಸಿ ಠರಾವು ಮಾಡಿತು. ಅದೇ ವರ್ಷ ಸೆಪ್ಟೆಂಬರ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರು ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಆದರೂ ಇವು ಕಣ್ಣಿಗೆ ಕಾಣುವ ಆಘಾತಗಳು. ಕಂಡವರು ಕೂಗಿಯಾರು, ಸಭೆ ಸೇರಿಯಾರು. ಕಾಣದಿರುವ ಸಂಕೋಲೆಯೊಂದುಂಟು, ಅದು ಹಣದ ಥೈಲಿಯ ದಾರವು.

ಈ ತತ್ತ್ವವನ್ನು ತಿಳಿಯಲು ಪುಣೆಯ ‘ಸಕಾಳ’ ಪತ್ರಿಕೆಯ ಖಟ್ಲೆಯೇ ಸಾಕು. ಪುಟಗಳ ಸಂಖ್ಯೆಗೆ ತಕ್ಕಂತೆ ಪತ್ರಿಕೆಯ ಬೆಲೆಯನ್ನು ಕಟ್ಟುವ ಅಧಿಕಾರವನ್ನು ಸರಕಾರವು 1956ರ ಕಾನೂನಿನಿಂದ ಪಡೆದಿದ್ದಿತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಬೆಲೆ, ಪುಟ, ಜಾಹೀರಾತುಗಳನ್ನು ಮುಟ್ಟಿದರೆ ಪ್ರಸಾರವನ್ನು ಮುಟ್ಟಿದಂತೆ. ಪ್ರಸಾರವನ್ನು ಮುಟ್ಟಿದರೆ ಸ್ವಾತಂತ್ರ್ಯವನ್ನೇ ಮುಟ್ಟಿದಂತೆ ಎಂಬುದು ಆ ತೀರ್ಪಿನ ಇಂಗಿತವು. ಹಾಗಾದರೆ ಜಾಹೀರಾತಿನ ಹಣವನ್ನು ಕೈಯಲ್ಲಿ ಹಿಡಿದವನು ಸ್ವಾತಂತ್ರ್ಯವನ್ನೂ ಹಿಡಿದಂತಾಗಲಿಲ್ಲವೆ? ಹಿಡಿದವನು ಸರಕಾರವಾಗಿರಲಿ, ಸಾಹುಕಾರನಾಗಿರಲಿ, ಫಲವೊಂದೇ.

ವಾಚಕನು ಕೊಡುವ ಬೆಲೆಯಿಂದ ಪತ್ರಿಕೆಯ ವೆಚ್ಚವು ಹೊರಡಲಾರದು. ಉಳಿದುದನ್ನು ತುಂಬುವದು ಸರಕಾರದ ಪ್ರಕಟಣೆ, ಮುಖಂಡರ ಹುಟ್ಟುಹಬ್ಬ, ದೀಪಾವಳಿಯ ಶುಭಾಶಯ. ಈ ಸೀಮೆಯಲ್ಲಿ ಶಾಸಕ, ಸಕ್ಕರೆ ಕಾರಖಾನೆಯ ಅಧ್ಯಕ್ಷ, ಸಹಕಾರಿ ಬ್ಯಾಂಕಿನ ಚೇರಮನ್, ಶಿಕ್ಷಣ ಸಂಸ್ಥೆಯ ಕಾರ್ಯಾಧ್ಯಕ್ಷ ಇವರೆಲ್ಲರೂ ಅನೇಕ ವೇಳೆ ಒಂದೇ ಮನೆತನದವರು. ತಾಲೂಕಿನ ಬಾತಮೀದಾರನಿಗೋ ಅನೇಕ ಕಡೆ ಪಗಾರವೇ ಇಲ್ಲ. ತಂದ ಜಾಹೀರಾತಿನ ಮೇಲಣ ಕಮೀಶನ್ನೇ ಅವನ ಅನ್ನ. ಬೆಳಿಗ್ಗೆ ಶುಭಾಶಯದ ಜಾಹೀರಾತಿಗಾಗಿ ಯಾವ ಬಾಗಿಲಲ್ಲಿ ನಿಂತನೋ, ಸಂಜೆ ಅದೇ ಬಾಗಿಲಿಗೆ ಹೋಗಿ “ಕಾಟಾದಲ್ಲಿ ತೂಕ ಸರಿಯಿದೆಯೆ?” ಎಂದು ಅವನು ಕೇಳಲಾರನು. ಅವನನ್ನು ಹೇಡಿಯೆಂದು ಜರೆಯುವದು ಅನ್ಯಾಯವು. ಅವನಿಗೂ ಹೆಂಡಿರು ಮಕ್ಕಳಿದ್ದಾರೆ.

ಕೇಳದಿದ್ದುದರಿಂದ ಆಗುವ ಹಾನಿಯು ಸಣ್ಣದಲ್ಲ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಪ್ಪಿದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಬೇಕೆಂದೂ 1966ರ ಕಬ್ಬು ನಿಯಂತ್ರಣ ಆಜ್ಞೆಯು ವಿಧಿಸಿತು. 2025-26ರ ಹಂಗಾಮಿಗೆ ಶೇಕಡಾ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿಯ ದರವನ್ನು ಕೇಂದ್ರ ಸರಕಾರವು ಗೊತ್ತುಪಡಿಸಿತು. ಅದರಲ್ಲಿ ಕಟಾವು-ಸಾಗಾಣಿಕೆಯ ವೆಚ್ಚ ಕಳೆಯುವದರಿಂದ ಕಾಗದದ ಮೇಲಿನ ದರ ಬೇರೆ, ರೈತನ ಕೈಸೇರುವ ದರ ಬೇರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಬೇಡಿ ಹಗಲಿರುಳು ರಸ್ತೆಯಲ್ಲಿ ಕುಳಿತರು. ಸರಕಾರವು 3,300 ರೂಪಾಯಿಯನ್ನು ಸಾರಿತು. ಆ ದಿನಗಳಲ್ಲಿ ಪತ್ರಿಕೆಗಳು ಪುಟತುಂಬ ಬರೆದವು, ಅದು ಸ್ತುತ್ಯವೇ. ಆದರೆ ಯಾವ ಕಾರಖಾನೆಯ ಇಳುವರಿಯೆಷ್ಟು, ಬಿಲ್ಲು ಎಷ್ಟನೆಯ ದಿನಕ್ಕೆ ಬಂದಿತು, ತಡವಾದುದಕ್ಕೆ ಬಡ್ಡಿ ಕೊಟ್ಟರೆ, ಕಾಟಾದ ತಪಾಸಣೆ ಎಂದು ಆಯಿತು, ಇವನ್ನು ತಿಂಗಳು ತಿಂಗಳೂ ಅಂಕಿಗಳಲ್ಲಿ ಅಚ್ಚಿಸುವ ಪತ್ರಿಕೆಯೆಲ್ಲಿ? ಅದಿಲ್ಲದಿರುವಾಗ ಕಾಟಾ ಹೇಳಿದ್ದೇ ತೂಕ, ಕಾರಖಾನೆ ಹೇಳಿದ್ದೇ ಇಳುವರಿ. ಆ ಬರಿದಾದ ಸ್ಥಳವನ್ನು ಮೊಬೈಲಿನ ಗಾಳಿಸುದ್ದಿಯು ಆಕ್ರಮಿಸುತ್ತದೆ.

ಇನ್ನೊಂದು ವಿಡಂಬನೆಯುಂಟು. ಈ ಗಡಿಸೀಮೆಗೆ ಬೆಳಗಾವಿ-ಹುಬ್ಬಳ್ಳಿಗಳ ಕನ್ನಡ ಪತ್ರಿಕೆಗಳೂ ಕೊಲ್ಹಾಪುರ-ಸಾಂಗಲಿಗಳ ಮರಾಠಿ ಪತ್ರಿಕೆಗಳೂ ಬರುತ್ತವೆ. 1967ರ ಮಹಾಜನ ವರದಿಯ ಮಾತಾಗಲಿ, ಮಹಾರಾಷ್ಟ್ರವು 2004ರಲ್ಲಿ ಹೂಡಿದ ದಾವೆಯ ಮಾತಾಗಲಿ ಬಂದರೆ ಎರಡೂ ಕಡೆ ದಪ್ಪಕ್ಷರಗಳು ಎದ್ದು ನಿಲ್ಲುವವು. ಭಾಷಾಭಿಮಾನವು ತ್ಯಾಜ್ಯವಲ್ಲ, ಕನ್ನಡಿಗನಿಗೆ ಕನ್ನಡವು ತಾಯಿಯೇ. ಆದರೆ ನಿಪ್ಪಾಣಿಯ ಮರಾಠಿ ರೈತನ ಕಬ್ಬೂ ಕಾಗವಾಡದ ಕನ್ನಡ ರೈತನ ಕಬ್ಬೂ ಏರುವದು ಕಾಟಾವನ್ನೇ. ಗಡಿಯ ಜಗಳಕ್ಕೆ ಎಂಟು ಕಾಲಮು ತೆರವಾಗಿ, ಕಾಟಾಕ್ಕೆ ಅರ್ಧ ಕಾಲಮೂ ಇಲ್ಲವಾದರೆ, ಅದರಿಂದ ಲಾಭ ಹೊಂದುವವರು ಯಾರೆಂಬುದನ್ನು ವಾಚಕರೇ ಊಹಿಸಲಿ.

“ಜಾಹೀರಾತನ್ನು ಬಿಟ್ಟು ಪತ್ರಿಕೆ ಬದುಕುವದೆಂತು?” ಎಂಬ ಆಕ್ಷೇಪವು ಯೋಗ್ಯವಾದುದೇ. ದೋಷವು ಜಾಹೀರಾತಿನಲ್ಲಿಲ್ಲ, ಜಾಹೀರಾತು ಸುದ್ದಿಯ ವೇಷವನ್ನು ಧರಿಸುವದರಲ್ಲಿದೆ, ಸುದ್ದಿಯು ಜಾಹೀರಾತಿಗೆ ಅಂಜಿ ಅಡಗುವದರಲ್ಲಿದೆ. ಕಾಸಿಗೆ ಸುದ್ದಿ ಮಾರುವ ಈ ರೋಗದ ಮೇಲೆ ಭಾರತೀಯ ಪತ್ರಿಕಾ ಮಂಡಳಿಯು 2010ರಲ್ಲಿಯೇ ವರದಿಯನ್ನು ಹೊರಡಿಸಿದೆ. ಶುಭಾಶಯಕ್ಕೆ ‘ಜಾಹೀರಾತು’ ಎಂಬ ಹಣೆಪಟ್ಟಿ ಇರಲಿ. ಬಾತಮೀದಾರನಿಗೆ ಪಗಾರವಿರಲಿ, ಜಾಹೀರಾತು ತರುವ ಕೆಲಸವು ಬೇರೊಬ್ಬರದಾಗಲಿ. 2005ರ ಮಾಹಿತಿ ಹಕ್ಕಿನ ಅರ್ಜಿಯಿಂದ ಸರಕಾರಿ ಕಚೇರಿಯಲ್ಲಿರುವ ಅಂಕಿಗಳನ್ನು ಪಡೆದು ಪತ್ರಿಕೆಗಳು ಹಂಗಾಮಿನುದ್ದಕ್ಕೂ ಅಚ್ಚಿಸಲಿ.

ಕೊನೆಯ ಹೊಣೆಯು ಸುಶಿಕ್ಷಿತ ಗೃಹಸ್ಥರದು. ಒಂದು ಕಪ್ಪು ಚಹಕ್ಕೆ ಕೊಡುವಷ್ಟನ್ನು ಪತ್ರಿಕೆಗೆ ಕೊಡಲು ಹಿಂದೆಗೆದು, ನೆರೆಮನೆಯ ಪ್ರತಿಯನ್ನು ಎರವಲು ತಂದು ಓದಿ, ಬಳಿಕ “ಪತ್ರಿಕೆಗಳು ಮಾರಿಕೊಂಡಿವೆ” ಎಂದು ಕಟ್ಟೆಯ ಮೇಲೆ ಕುಳಿತು ನುಡಿಯುವವರಿಗೆ ಹಾಗೆ ನುಡಿಯುವ ಅಧಿಕಾರವಿಲ್ಲ. ಪತ್ರಿಕೆಯು ದೇಹಲೀದೀಪವು, ಹೊಸ್ತಿಲ ಮೇಲಿದ್ದು ಒಳಗನ್ನೂ ಹೊರಗನ್ನೂ ಬೆಳಗತಕ್ಕುದು. ಅದಕ್ಕೆ ಮನೆಯವರೇ ಎಣ್ಣೆಯೆರೆಯಬೇಕು. ಬೇರೊಬ್ಬನು ಎರೆದರೆ, ಅವನ ಉಗ್ರಾಣದ ಕಡೆಗೆ ಬೆಳಕು ಬೀಳದಂತೆ ಅವನು ಮರೆಯೊಡ್ಡದೆ ಬಿಡನು.