ಮುರಿದ ಚೌಕಟ್ಟು, ವರ್ತಕರ ವಚನ

ಬೈಸಿಕಲ್ಲು ನಮ್ಮ ದೇಶದಲ್ಲಿ ಬಹುಕಾಲದಿಂದ ಬಡವನ ವಾಹನವೆಂದು ಹೆಸರಾದುದು. ಈಚಿನ ವರ್ಷಗಳಲ್ಲಿ ಅದು ಗುಡ್ಡ ಹತ್ತಿ ಕಣಿವೆ ಇಳಿಯುವ ಸಾಹಸಕ್ರೀಡೆಯ ಸಾಧನವೂ ಆಗಿದೆ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳ ತರುಣ ತರುಣಿಯರು ಸೈಕಲ್ ಸ್ಪರ್ಧೆಗಳಲ್ಲಿ ರಾಷ್ಟ್ರಮಟ್ಟದ ಕೀರ್ತಿಯನ್ನು ಸಂಪಾದಿಸಿರುವುದು ಕನ್ನಡಿಗರೆಲ್ಲರೂ ಅಭಿಮಾನಪಡತಕ್ಕ ವಿಷಯ. 2023ರಲ್ಲಿ ಏಷ್ಯಾ ಖಂಡದ ಪರ್ವತ ಸೈಕಲ್ ಪಂದ್ಯಗಳು ನೆರೆಯ ಕೇರಳದ ಪೊನ್ಮುಡಿಯಲ್ಲಿಯೇ ನಡೆದವು. ಆದರೆ ಈ ಕ್ರೀಡೆಗೆ ತಕ್ಕ ಸೈಕಲ್ಲಿನ ಬೆಲೆ ಅರ್ಧ ಲಕ್ಷದಿಂದ ಹಲವು ಲಕ್ಷ ರೂಪಾಯಿಗಳವರೆಗೆ ಇದೆ. ರೈತನ ಮಗನೊಬ್ಬನು ಸಾಲ ಮಾಡಿ ಕೊಂಡ ಇಂಥ ಸೈಕಲ್ಲಿನ ಚೌಕಟ್ಟು ಬಿರುಕುಬಿಟ್ಟ ದಿನ ಅವನ ಗತಿ ಏನು? ಈ ಪ್ರಶ್ನೆಯನ್ನು ಮಹಾಜನರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ಕಂಪನಿಗಳವರು ಸಾಮಾನ್ಯವಾಗಿ ಎರಡು ವಚನಗಳನ್ನು ಕೊಡುತ್ತಾರೆ. ಮೊದಲನೆಯದು ವಾರಂಟಿ: ಲೋಹದಲ್ಲಾಗಲಿ ಕೆಲಸದಲ್ಲಾಗಲಿ ದೋಷವಿದ್ದು ಚೌಕಟ್ಟು ಮುರಿದರೆ ಅದನ್ನು ಸರಿಪಡಿಸುತ್ತೇವೆ, ಇಲ್ಲವೆ ಬೇರೆಯದನ್ನು ಕೊಡುತ್ತೇವೆ ಎಂಬುದು. ಎರಡನೆಯದು ‘ಕ್ರ್ಯಾಶ್ ರಿಪ್ಲೇಸ್‌ಮೆಂಟ್’ ಎಂದು ಅಂಗಡಿಯವರು ಕರೆಯುವ ಏರ್ಪಾಡು: ಸವಾರನು ತಾನೇ ಬಿದ್ದು ಚೌಕಟ್ಟನ್ನು ಮುರಿದುಕೊಂಡರೆ, ರಿಯಾಯತಿ ಬೆಲೆಗೆ ಹೊಸದನ್ನು ಕೊಡುವುದು. ಮೊದಲನೆಯದು ಕೊಂಡವನ ಹಕ್ಕು. ಎರಡನೆಯದು ಮಾರಿದವನ ಔದಾರ್ಯ. ಔದಾರ್ಯವನ್ನು ನಾವು ಹಳಿಯುವವರಲ್ಲ. ಆದರೆ ಹಕ್ಕಿನಿಂದ ಬರತಕ್ಕುದನ್ನು ಔದಾರ್ಯದ ಹೆಸರಿನಲ್ಲಿ ಅರೆಬೆಲೆಗೆ ಮಾರುವ ಪದ್ಧತಿ ಬೆಳೆದರೆ ಅದು ನ್ಯಾಯವೆನಿಸಲಾರದು.

ತೊಡಕು ಇರುವುದು ಇಲ್ಲಿಯೇ. ಚೌಕಟ್ಟು ದೋಷದಿಂದ ಮುರಿಯಿತೋ ಬಿದ್ದು ಮುರಿಯಿತೋ ಎಂಬುದನ್ನು ನಿರ್ಣಯಿಸುವವರು ಯಾರು? ವಾರಂಟಿಯನ್ನು ಕೊಟ್ಟ ಕಂಪನಿಯವರೇ! ದೋಷವೆಂದರೆ ನಷ್ಟ ಅವರದು; ಬಿದ್ದುದರಿಂದ ಎಂದರೆ ನಷ್ಟ ಕೊಂಡವನದು. ಪ್ರತಿವಾದಿಯೇ ನ್ಯಾಯಪೀಠವನ್ನೇರಿ ಕುಳಿತಾಗ ತೀರ್ಪು ಯಾವ ಕಡೆಗೆ ವಾಲೀತೆಂಬುದನ್ನು ಬೇರೆ ಹೇಳಬೇಕೆ? ‘ಜೀವಾವಧಿ ವಾರಂಟಿ’ ಎಂಬ ದಪ್ಪಕ್ಷರಗಳ ಕೆಳಗೆ ಸಣ್ಣಕ್ಷರಗಳ ಸೈನ್ಯವೇ ನಿಂತಿರುತ್ತದೆ. ಮೊದಲು ಕೊಂಡವನಿಗೆ ಮಾತ್ರ; ರಸೀದಿ ಇದ್ದರೆ ಮಾತ್ರ; ಸಾಗಾಣಿಕೆಯ ವೆಚ್ಚ, ಬಿಚ್ಚಿ ಜೋಡಿಸುವ ಕೂಲಿ ಕೊಂಡವನ ಮೇಲೆ; ಇಂತಿಷ್ಟು ಎತ್ತರಕ್ಕಿಂತ ಹೆಚ್ಚು ಹಾರಿದ್ದರೆ ಏನೂ ಇಲ್ಲ. ಹಳೆಯ ಸೈಕಲ್ಲನ್ನು ಕೊಂಡು ಅಭ್ಯಾಸ ಮಾಡುವ ಬಡ ಸವಾರನು ಮೊದಲ ಷರತ್ತಿನಲ್ಲಿಯೇ ಹೊರಗುಳಿಯುತ್ತಾನೆ.

ಮುರಿತದ ಕಾರಣವನ್ನು ತಿಳಿಯುವುದು ಅಸಾಧ್ಯವೆಂದು ಯಾರೂ ಹೇಳಲಾರರು. ಲೋಹವು ಮಾತಾಡದಿದ್ದರೂ ಸಾಕ್ಷಿ ನುಡಿಯುತ್ತದೆ. ಸಾವಿರಾರು ಸಲ ಭಾರ ಬಿದ್ದು ಬಿದ್ದು ದಣಿದ ಅಲ್ಯೂಮಿನಿಯಮ್ಮು ಬೆಸುಗೆಯ ಬಳಿಯಲ್ಲಿ ಕೂದಲೆಳೆಯ ಬಿರುಕಾಗಿ ಆರಂಭಿಸಿ ನಿಧಾನವಾಗಿ ಸೀಳುತ್ತದೆ. ಮುರಿದ ಮುಖದಲ್ಲಿ ಮರದ ವರ್ಷದ ಬಳೆಗಳಂತೆ ಗೆರೆಗಳು ಹಲವು ವೇಳೆ ಕಾಣುತ್ತವೆ. ಒಂದೇ ಪೆಟ್ಟಿಗೆ ಮುರಿದ ಕೊಳವೆಯು ಬಾಗಿ, ಜಗ್ಗಿ, ಒರಟಾಗಿ ಹರಿದಿರುತ್ತದೆ. ಕಾರ್ಬನ್ ನಾರಿನ ಚೌಕಟ್ಟಿನಲ್ಲಿ ಒಳಪದರಗಳು ಬೇರ್ಪಟ್ಟಿದ್ದರೂ ಹೊರಗಿನ ಬಣ್ಣ ಮಾಸದೆ ಇರಬಹುದು. ಅದಕ್ಕೆ ತಜ್ಞರ ಪರೀಕ್ಷೆಯೇ ಬೇಕು. ಹೀಗಿರಲು, ಮುರಿದ ಚೌಕಟ್ಟೇ ವ್ಯಾಜ್ಯದ ಮುಖ್ಯ ಸಾಕ್ಷಿ. ಹಳೆಯದನ್ನು ಕತ್ತರಿಸಿದರೆ ಅಥವಾ ಒಪ್ಪಿಸಿದರೆ ಮಾತ್ರ ಹೊಸದು ಎಂಬ ಷರತ್ತನ್ನು ಹಾಕುವ ಕಂಪನಿಗಳುಂಟು. ವ್ಯಾಜ್ಯ ತೀರುವ ಮುನ್ನವೇ ಸಾಕ್ಷಿಯನ್ನು ನಾಶಮಾಡಿಸುವುದು ಯಾವ ನ್ಯಾಯ?

ಕಾಯಿದೆ ನಮ್ಮ ಕಡೆಗೆ ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈ ತಿಂಗಳಿನಿಂದ ಜಾರಿಯಲ್ಲಿದೆ. ಕೊಂಡವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿಗಳವರೆಗಿನ ಬೆಲೆಯ ವಸ್ತುವಿಗೆ ದೂರಿನ ಶುಲ್ಕವೇ ಇಲ್ಲ. ಪರೀಕ್ಷೆಯಿಲ್ಲದೆ ದೋಷವು ತಿಳಿಯದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಶಾಲೆಗೆ ಕಳುಹಿಸಬಹುದು. ಚೌಕಟ್ಟು ಮುರಿದು ಸವಾರನ ದೇಹಕ್ಕೆ ಅಪಾಯವಾದಲ್ಲಿ, ಪರದೇಶದ ತಯಾರಕನ ಮೇಲೆ ನಮ್ಮ ಕಾಯಿದೆ ನಡೆಯದಿದ್ದರೆ ಇಲ್ಲಿ ಮಾರಿದ ವರ್ತಕನೇ ಹೊಣೆಗಾರನಾಗಬಹುದೆಂದು ಅದೇ ಕಾಯಿದೆ ವಿಧಿಸುತ್ತದೆ.

ಆದರೂ ಒಂದು ದೊಡ್ಡ ಕೊರತೆಯುಂಟು. ದೋಷವನ್ನು ಸಿದ್ಧಪಡಿಸುವ ಭಾರ ಬಹುಮಟ್ಟಿಗೆ ಕೊಂಡವನ ಹೆಗಲ ಮೇಲೆಯೇ ಬೀಳುತ್ತದೆ. ಪ್ರಯೋಗಶಾಲೆಯ ಶುಲ್ಕವನ್ನೂ ಅವನೇ ಮುಂಗಡವಾಗಿ ಕಟ್ಟಬೇಕಾಗಬಹುದು. ಯೂರೋಪಿನ ಒಕ್ಕೂಟದಲ್ಲಿ 2022ರ ಜನವರಿ 1ರಿಂದ ಅನ್ವಯವಾಗುವ ವಿಧಿಯಂತೆ, ಕೊಂಡ ಒಂದು ವರ್ಷದೊಳಗೆ ಕಂಡ ದೋಷವು ಮಾರುವಾಗಲೇ ಇತ್ತೆಂದು ಭಾವಿಸಲ್ಪಡುತ್ತದೆ. ಹಾಗಿರಲಿಲ್ಲವೆಂದು ತೋರಿಸುವ ಭಾರ ಮಾರಿದವನದು. ಪರದೇಶದ ಕಂಪನಿಯು ತನ್ನ ನಾಡಿನ ಗ್ರಾಹಕನಿಗೆ ತಲೆಬಾಗಿ, ನಮ್ಮ ಗ್ರಾಹಕನಿಗೆ ಬೆನ್ನು ತೋರಿಸುವುದನ್ನು ಸ್ವಾಭಿಮಾನಿ ರಾಷ್ಟ್ರವೊಂದು ಎಷ್ಟು ಕಾಲ ಸಹಿಸಬೇಕು?

ಸವಾರರಿಗೂ ಎರಡು ಮಾತು ಹೇಳದಿದ್ದರೆ ನಾವು ಪಕ್ಷಪಾತಿಗಳಾದೇವು. ಬಂಡೆಗೆ ಬಡಿದು ಮುರಿದುದನ್ನು ತಾನಾಗಿ ಮುರಿಯಿತೆಂದು ಹೇಳಿ ಹೊಸದನ್ನು ಪಡೆಯುವುದು ಜಾಣತನವಲ್ಲ, ಕಳವು. ಒಬ್ಬನ ಸುಳ್ಳಿನಿಂದ ಮುಂದೆ ಬರುವ ಹತ್ತು ಮಂದಿಯ ನಿಜಕ್ಕೆ ಬೆಲೆಯಿಲ್ಲದಂತಾಗುತ್ತದೆ. ಬಿದ್ದಿದ್ದರೆ ಬಿದ್ದೆನೆಂದು ಹೇಳಿ ರಿಯಾಯತಿಯನ್ನು ಕೇಳಿರಿ. ರಸೀದಿಯನ್ನು ಜೋಪಾನವಾಗಿಡಿರಿ, ಬಿರುಕು ಕಂಡೊಡನೆ ಭಾವಚಿತ್ರ ತೆಗೆದು ಬರಹದಲ್ಲಿ ತಿಳಿಸಿರಿ. ಸೀಟಿನ ಕಂಬವನ್ನು ಅದರ ಮೇಲಿನ ಗುರುತನ್ನು ಮೀರಿ ಎತ್ತಬೇಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದಕ್ಕೆ ಹಣವಿಲ್ಲವೆಂದು ಬಿರುಕಿನ ಅಲ್ಯೂಮಿನಿಯಮ್ ಚೌಕಟ್ಟಿಗೆ ಬೀದಿಯ ಬೆಸುಗೆ ಹಾಕಿಸಿ ಬೆಟ್ಟ ಇಳಿಯಬೇಡಿರಿ. ಆ ಶಾಖಕ್ಕೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಮತ್ತೆ ಕ್ರಮವಾಗಿ ಹದಗೊಳಿಸದೆ ಅದು ಮೊದಲಿನ ಬಲವನ್ನು ಪಡೆಯದು. ಚೌಕಟ್ಟಿಗೆ ಬದಲಿ ಉಂಟು, ಕತ್ತಿನ ಮೂಳೆಗೆ ಇಲ್ಲ.

ಆದುದರಿಂದ ನಾವು ಕೇಳುವುದು ಇಷ್ಟೇ. ವಾರಂಟಿಯನ್ನು ನಿರಾಕರಿಸುವ ಕಂಪನಿಯು ಕಾರಣವನ್ನು ಭಾವಚಿತ್ರಸಹಿತ ಬರಹದಲ್ಲಿ ಕೊಡಲಿ. ವ್ಯಾಜ್ಯ ತೀರುವವರೆಗೆ ಚೌಕಟ್ಟು ಕೊಂಡವನ ವಶದಲ್ಲಿರಲಿ. ರಿಯಾಯತಿಯನ್ನು ಸ್ವೀಕರಿಸಿದ ಮಾತ್ರಕ್ಕೆ ಹಕ್ಕನ್ನು ಬಿಟ್ಟುಕೊಟ್ಟಂತೆ ಎಣಿಸದಿರಲಿ. ಮೊದಲ ವರ್ಷದ ಮಟ್ಟಿಗಾದರೂ ಸಿದ್ಧಪಡಿಸುವ ಭಾರವನ್ನು ಮಾರಿದವನ ಮೇಲೆ ಹೊರಿಸಲು ಸರ್ಕಾರದವರು ಕಾಯಿದೆಯನ್ನು ತಿದ್ದಲಿ. ಲೂಧಿಯಾನದ ನಮ್ಮ ಸ್ವದೇಶೀ ತಯಾರಕರು ಈ ನಾಲ್ಕನ್ನೂ ಕಾಯಿದೆಗೆ ಕಾಯದೆ ತಾವಾಗಿ ಪಾಲಿಸಿದರೆ, ಯಾವ ಜಾಹೀರಾತಿನಿಂದಲೂ ದೊರೆಯದ ಜನರ ನಂಬಿಕೆ ಅವರಿಗೆ ದೊರೆತೀತು. ಸ್ವದೇಶೀ ಎಂಬುದು ವಸ್ತುವಿನ ಮೇಲಿನ ಮುದ್ರೆಯಷ್ಟೇ ಆದರೆ ಸಾಲದು. ಕೊಟ್ಟ ಮಾತನ್ನು ನಡೆಸುವ ವರ್ತಕಧರ್ಮವೂ ಅದರಲ್ಲಿ ಸೇರಿರಬೇಕು.