ನುಡಿ, ನಾದ ಮತ್ತು ಅಕ್ಷರ

ಮನುಷ್ಯನಿಗೆ ಭಾಷೆ ಒದಗುವುದು ಮೊದಲು ಕಿವಿಯಿಂದ, ಆಮೇಲೆ ಬಾಯಿಂದ, ಕಡೆಗೆ ಕಣ್ಣಿನಿಂದ. ತೊಟ್ಟಿಲ ಕೂಸು ಜೋಗುಳದ ಅರ್ಥವನ್ನು ಅರಿಯದು. ಆದರೂ ತಾಯಿಯ ದನಿಯ ಏರಿಳಿತವನ್ನು ಗುರುತಿಸಿ ನಿದ್ರಿಸುತ್ತದೆ. ಮಾತು ಮುಂದೆ ಬರುತ್ತದೆ, ಅಕ್ಷರ ಇನ್ನೂ ಮುಂದೆ. ಈ ಮೂರು ಮೆಟ್ಟಿಲುಗಳನ್ನು ಏರಿದವರಿಗೆ ಭಾಷೆಯೊಂದು ಮನೆಯಾಗುತ್ತದೆ. ನಡುವೆ ನಿಂತವರಿಗೆ ಅದು ಪರಿಚಯದವರ ಮನೆಯ ಜಗುಲಿಯಾಗಿ ಉಳಿಯುತ್ತದೆ.

ಈಚಿನ ವರ್ಷಗಳಲ್ಲಿ ಸಮಾಜದ ಸಭೆಗಳಲ್ಲಿ, ಮದುವೆಯ ಮನೆಗಳಲ್ಲಿ ಭೇಟಿಯಾಗುವ ತಂದೆತಾಯಿಗಳು ನಮ್ಮನ್ನು ಒಂದು ಪ್ರಶ್ನೆ ಕೇಳುವುದುಂಟು. "ನಮ್ಮ ಮಗು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ವಚನಗಳನ್ನು ಸೊಗಸಾಗಿ ಹಾಡುತ್ತದೆ. ಕನ್ನಡ ಓದಲು ಬಾರದು. ಹಾಡಿದರೆ ಸಾಲದೇ?" ಕೇಳುವವರ ದನಿಯಲ್ಲಿ ಸಂತೋಷವೂ ಇರುತ್ತದೆ, ಒಂದಿಷ್ಟು ಅಳುಕೂ ಇರುತ್ತದೆ. ಬೆಂಗಳೂರಿನಲ್ಲಿರುವವರೂ ಕೇಳುತ್ತಾರೆ, ಕಡಲಾಚೆ ನೆಲೆಸಿದವರೂ ಕೇಳುತ್ತಾರೆ. ಎರಡು ಮಾತುಗಳಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಇದಲ್ಲವಾದುದರಿಂದ ಈ ತಿಂಗಳು ಅದನ್ನೇ ಓದುಗರ ಮುಂದೆ ಇರಿಸಿದ್ದೇವೆ.

ಹಾಡಿನಿಂದ ಭಾಷೆ ಬರುವುದೇ ಎಂದರೆ, ಖಂಡಿತವಾಗಿಯೂ ಬರುತ್ತದೆ. ಇದಕ್ಕೆ ನಮ್ಮ ಧಾರವಾಡದ ನೆಲವೇ ಸಾಕ್ಷಿ. ಪಂಡಿತ ಮಲ್ಲಿಕಾರ್ಜುನ ಮನಸೂರ ಅವರು 1910ರಲ್ಲಿ ಧಾರವಾಡದ ಸಮೀಪದ ಮನಸೂರ ಗ್ರಾಮದಲ್ಲಿ ಜನಿಸಿದರು. ಎಳವೆಯಲ್ಲಿಯೇ ನಾಟಕ ಕಂಪನಿಯನ್ನು ಸೇರಿದರು. ನೀಲಕಂಠಬುವಾ ಆಲೂರಮಠ ಅವರಲ್ಲಿ ಗ್ವಾಲಿಯರ್ ಘರಾಣೆಯ ಗಾಯನವನ್ನು ಕಲಿತರು. ಮುಂದೆ ಉಸ್ತಾದ್ ಅಲ್ಲಾದಿಯಾ ಖಾನರ ಪುತ್ರರಾದ ಮಂಜಿ ಖಾನ್ ಮತ್ತು ಭುರ್ಜಿ ಖಾನ್ ಅವರಿಂದ ಜಯಪುರ-ಅತ್ರೌಲಿ ಘರಾಣೆಯ ತಾಲೀಮು ಪಡೆದರು. ಮನೆಯ ಮಾತು ಕನ್ನಡ. ಕಲಿಯಬೇಕಾದ ಚೀಜುಗಳು ಬಹುಮಟ್ಟಿಗೆ ಬ್ರಜ ಭಾಷೆಯವು. ಗುರು ಸ್ಥಾಯಿಯನ್ನು ಹಾಡಬೇಕು, ಶಿಷ್ಯ ಅದನ್ನು ಮರಳಿ ಹಾಡಬೇಕು. ಅದು ಗಟ್ಟಿಯಾದ ಮೇಲೆ ಅಂತರಾ. ಹೀಗೆ ಧಾರವಾಡ, ಗದಗ, ಹುಬ್ಬಳ್ಳಿಗಳ ಕನ್ನಡದ ಕಂಠಗಳು ದೂರದ ಮಥುರೆ-ವೃಂದಾವನಗಳ ನುಡಿಯನ್ನು ತಮ್ಮದಾಗಿಸಿಕೊಂಡವು. ಆ ನುಡಿ ಅವರಿಗೆ ಒಲಿದದ್ದು ಕಿವಿಯ ದಾರಿಯಿಂದ.

ನಮ್ಮ ಬಾಲ್ಯದಲ್ಲಿಯೂ ಹಾಗೆಯೇ ಆಯಿತು. ರೇಡಿಯೋದಲ್ಲಿ ಖಯಾಲ್ ಬರುವಾಗ ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಪಿಯಾ, ಸಖಿ, ನನದ ಎಂಬ ಶಬ್ದಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದ್ದವು. ನನದ ಎಂದರೆ ಗಂಡನ ಸಹೋದರಿಯೆಂದೂ ಮರಾಠಿಯಲ್ಲಿ ಅದು ನಣಂದ ಆಗುವುದೆಂದೂ ನೆರೆಮನೆಯ ಮರಾಠಿ ತಾಯಿಯೊಬ್ಬರು ತಿಳಿಸಿಕೊಟ್ಟರು. ಒಂದು ಶಬ್ದದಿಂದ ಎರಡು ಭಾಷೆಗಳ ಬಾಗಿಲು ತೆರೆಯಿತು. ನಾಟ್ಯಗೀತೆಗಳನ್ನು ಕೇಳುತ್ತ ಕೇಳುತ್ತ ಮರಾಠಿ ಅರ್ಥವಾಗತೊಡಗಿತು. ಹಾಡುತ್ತ ಹಾಡುತ್ತ ರಾಗವೆಂಬ ಗಾದೆ ನಮ್ಮ ಪಾಲಿಗೆ ಕೇಳುತ್ತ ಕೇಳುತ್ತ ಭಾಷೆ ಎಂದಾಯಿತು.

ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬದುಕಿನುದ್ದಕ್ಕೂ ಬ್ರಜ ಭಾಷೆಯ ಚೀಜುಗಳನ್ನು ಹಾಡಿದ ಮನಸೂರ ಅವರು ತಮ್ಮ ಜೀವನವನ್ನು ಹೇಳಿಕೊಳ್ಳಬೇಕೆನಿಸಿದಾಗ ಕನ್ನಡಕ್ಕೇ ಬಂದರು. ಅವರ ಆತ್ಮಕಥೆ 'ನನ್ನ ರಸಯಾತ್ರೆ' ಕನ್ನಡದಲ್ಲಿದೆ. ಅದನ್ನು ಮುಂದೆ ಇಂಗ್ಲಿಷಿಗೆ ಅನುವಾದಿಸಿದವರು ಅವರ ಪುತ್ರ ರಾಜಶೇಖರ ಮನಸೂರ ಅವರು. ಹಾಡಲು ಹಲವು ನುಡಿಗಳಾದರೂ ಒದಗಿಯಾವು, ಅಂತರಂಗವನ್ನು ತೆರೆದಿಡಲು ಒಂದು ನುಡಿ ಬೇಕು. ಆ ಒಂದು ನುಡಿ ನಮ್ಮ ಮಕ್ಕಳಿಗೆ ಯಾವುದಾಗಿರಬೇಕು ಎಂಬುದೇ ಇಂದಿನ ಚಿಂತೆ.

ಇನ್ನು ಓದಿನ ಮಾತು. ಇಂದು ವಚನಗಳನ್ನು ನಾವು ಕೇಳಬಲ್ಲೆವು, ಹಾಡಬಲ್ಲೆವು ಎಂದರೆ ಅದರ ಹಿಂದೆ ಒಬ್ಬ ಮಹಾ ಓದುಗರಿದ್ದಾರೆ. ಧಾರವಾಡದಲ್ಲಿ 1880ರಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಮಠ-ಮನೆಗಳಲ್ಲಿದ್ದ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿದರು. ತಾಳೆಗರಿಯಲ್ಲಿ ಪದಪದಗಳ ನಡುವೆ ಬಿಡುವಿರುವುದಿಲ್ಲ. ಅಕ್ಷರಗಳ ಸಾಲು ಎಡದಿಂದ ಬಲಕ್ಕೆ ಎಡೆಬಿಡದೆ ಸಾಗುತ್ತದೆ. ಎಲ್ಲಿ ಒಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಓದುಗನೇ ಬಾಯಿಬಿಟ್ಟು ಓದಿ ಕಂಡುಕೊಳ್ಳಬೇಕು. ಹೀಗೆ ಓದಿ, ಪ್ರತಿ ಮಾಡಿ, 1923ರಲ್ಲಿ ಅವರು 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಬೆಳಕಿಗೆ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕಾಯಕದ ನಂಟು ಬಿಡಲಿಲ್ಲ.

ಈ ಸರಣಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿರಿ. ಶರಣರ ಬಾಯಿಂದ ಬಂದ ಮಾತು ಗರಿಯನ್ನೇರಿತು. ಗರಿಯಿಂದ ಅಚ್ಚಿಗೆ ಬಂದಿತು. ಅಚ್ಚಿನಿಂದ ಮನಸೂರ, ಬಸವರಾಜ ರಾಜಗುರು ಮೊದಲಾದವರ ಕಂಠಕ್ಕೆ ಬಂದಿತು. ಕಂಠದಿಂದ ರೇಡಿಯೋ, ಧ್ವನಿಮುದ್ರಿಕೆಗಳ ಮೂಲಕ ಮನೆಮನೆಯ ಕಿವಿಗೆ ತಲುಪಿತು. ಹಾಡುವವರು ಇಲ್ಲದಿದ್ದರೆ ವಚನ ಪುಸ್ತಕದ ಕಪಾಟಿನಲ್ಲಿ ಉಳಿಯುತ್ತಿತ್ತು, ನಿಜ. ಓದುವವರು ಇಲ್ಲದಿದ್ದರೆ ಹಾಡುವವರ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ಇಂದು ನಮ್ಮ ಮಕ್ಕಳು ಹಾಡುತ್ತಿರುವುದು ಯಾರೋ ಕಣ್ಣು ಸವೆಸಿ ಓದಿದ್ದರ ಫಲ.

ಕಣ್ಣೇ ಇಲ್ಲದವರು ಓದಿಗಾಗಿ ಪಟ್ಟ ಶ್ರಮವನ್ನೂ ಇಲ್ಲಿ ನೆನೆಯಬೇಕು. ಪಂಚಾಕ್ಷರಿ ಗವಾಯಿಗಳವರು ಅಂಧರು. ಹಿಂದೂಸ್ತಾನಿ ಮತ್ತು ಕರ್ನಾಟಕ, ಎರಡೂ ಪದ್ಧತಿಗಳನ್ನು ಬಲ್ಲವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ-ಅನಾಥ ಬಾಲಕರನ್ನು ಗಾಯಕರನ್ನಾಗಿ ಮಾಡಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳವರೂ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. 1914ರಲ್ಲಿ ಜನಿಸಿ 2010ರಲ್ಲಿ ಲಿಂಗೈಕ್ಯರಾದ ಅವರು ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಸಂಗೀತವೊಂದೇ ಸಾಕೆಂದು ಅವರು ಸುಮ್ಮನಿರಬಹುದಿತ್ತು. ಆದರೆ ಕನ್ನಡ, ಹಿಂದಿ, ಸಂಸ್ಕೃತ ಈ ಮೂರು ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. ನಾದ ಪೂರ್ಣವಾಗಿ ಒಲಿದವರಿಗೂ ನುಡಿಯ ಹಂಬಲ ತಪ್ಪಲಿಲ್ಲ. ಅಂಧರಿಗಾಗಿ ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಭಾರತೀಯ ಭಾಷೆಗಳಿಗೆ ಹೊಂದಿಸಿ 1951ರಲ್ಲಿ ಭಾರತಿ ಬ್ರೈಲ್ ಎಂಬ ವ್ಯವಸ್ಥೆಯನ್ನು ಅಂಗೀಕರಿಸಲಾಯಿತು. ಅದರಲ್ಲಿ ಕನ್ನಡದ 'ಕ'ಕ್ಕೂ ಹಿಂದಿಯ 'ಕ'ಕ್ಕೂ ಚುಕ್ಕೆಗಳು ಒಂದೇ. ಬೆರಳ ತುದಿಯಿಂದ ಓದುವವರು ಇಷ್ಟು ಶ್ರಮಿಸುತ್ತಿರುವಾಗ, ಕಣ್ಣುಳ್ಳ ನಮ್ಮ ಮಕ್ಕಳಿಗೆ ಅಕ್ಷರ ಹೊರೆಯಾದೀತೆಂದು ನಾವು ಅಂಜುವುದು ತರವಲ್ಲ.

ಈಗ ನಮ್ಮ ಮನೆಯದೇ ಒಂದು ಸಂಗತಿ. ನಮ್ಮ ಮಗಳ ಮಗಳು ವಿದೇಶದಲ್ಲಿ ಬೆಳೆಯುತ್ತಿದ್ದಾಳೆ, ಒಂಬತ್ತು ವರ್ಷದವಳು. ಪ್ರತಿ ಭಾನುವಾರ ಸಂಜೆ ಮೊಬೈಲಿನ ಪರದೆಯಲ್ಲಿ ಕಾಣಿಸಿಕೊಂಡು ಒಂದು ವಚನ ಹಾಡುತ್ತಾಳೆ. ಶ್ರುತಿ ಶುದ್ಧ, ಕಂಠ ಮಧುರ. ಅವಳ ಅಜ್ಜಿ ಕಣ್ಣೊರೆಸಿಕೊಂಡು ಕೇಳುತ್ತಾರೆ. ಹಾಡು ಮುಗಿದ ಮೇಲೆ, "ಊಟ ಆತೇನವ್ವ? ಏನ್ ಉಂಡಿ?" ಎಂದು ವಿಚಾರಿಸುತ್ತಾರೆ. ಮಗು ನಗುತ್ತದೆ, ತಾಯಿಯ ಮುಖ ನೋಡುತ್ತದೆ. ತಾಯಿ ಇಂಗ್ಲಿಷಿನಲ್ಲಿ ತಿಳಿಸುತ್ತಾಳೆ. ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ತಾಯಿ ಅದನ್ನು ಕನ್ನಡಕ್ಕೆ ತಿರುಗಿಸುತ್ತಾಳೆ. ಎಂಟು ಶತಮಾನಗಳಾಚೆಯ ಶರಣರ ಮಾತನ್ನು ನಿರರ್ಗಳವಾಗಿ ಹಾಡುವ ಮಗುವಿಗೆ ಅಜ್ಜಿಯ ಊಟದ ಮಾತಿಗೆ ಉತ್ತರ ತಿಳಿಯದು. ಅಜ್ಜಿಗೆ ಈಗ ಎಪ್ಪತ್ತೆಂಟು. ಅವರಿಬ್ಬರ ನಡುವೆ ದುಭಾಷಿಯಿಲ್ಲದೆ ಮಾತು ನಡೆಯುವ ದಿನ ಬರಬೇಕಾದರೆ ನಮಗೆ ಹೆಚ್ಚು ಕಾಲವಿಲ್ಲ. ಹಾಡಿದರೆ ಸಾಲದೇ ಎಂಬ ಪ್ರಶ್ನೆ ನಮಗೆ ಬರಿಯ ಚರ್ಚೆಯ ವಿಷಯವಲ್ಲವೆಂಬುದು ಓದುಗರಿಗೆ ಈಗ ತಿಳಿದಿರಬಹುದು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವುದರ ತೊಡಕೇನು? ಬೆಲೆ, ಬೆಳೆ, ಬೇಳೆ ಈ ಮೂರು ಶಬ್ದಗಳನ್ನು ತೆಗೆದುಕೊಳ್ಳಿರಿ. ಒಂದು ಪೇಟೆಯದು, ಒಂದು ಹೊಲದ್ದು, ಒಂದು ಅಡುಗೆಮನೆಯದು. ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮೂರೂ ಒಂದೇ ರೂಪ ತಾಳುತ್ತವೆ. ಕಲೆ ಮತ್ತು ಕಳೆ ಒಂದಾಗುತ್ತವೆ. ಹಲ್ಲಿ ಮತ್ತು ಹಳ್ಳಿ ಒಂದಾಗುತ್ತವೆ. ಅಲ್ಪಪ್ರಾಣ-ಮಹಾಪ್ರಾಣಗಳನ್ನು ಹೇಗೋ ತೋರಿಸಬಹುದು. ಆದರೆ ಲಕಾರ-ಳಕಾರ, ನಕಾರ-ಣಕಾರ, ಹ್ರಸ್ವ-ದೀರ್ಘಗಳು ಆ ಬರಹದಲ್ಲಿ ಕರಗಿ ಹೋಗುತ್ತವೆ. ಹಾಡಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಸ್ವರವನ್ನು ಎಳೆಯುವಾಗ ಹ್ರಸ್ವವೂ ದೀರ್ಘವಾಗುತ್ತದೆ. ಭಾಷೆ ಬಲ್ಲ ಗಾಯಕ ಎಲ್ಲಿ ಎಳೆಯಬಾರದೆಂದು ಅರಿತು ನಡೆಯುತ್ತಾನೆ. ವಚನವೋ ತಾಳಕ್ಕೆ ಕಟ್ಟಿದ ರಚನೆಯಲ್ಲ, ಲಯವುಳ್ಳ ಗದ್ಯ. ರಾಗ-ತಾಳಗಳಿಗೆಂದೇ ಶರಣರು ರಚಿಸಿದ ಸ್ವರವಚನಗಳು ಬೇರೆ ಇವೆ. ಆದುದರಿಂದ ವಚನವನ್ನು ಹಾಡುವವನು ಅರ್ಥ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ನಿಲ್ಲಬೇಕು. ಅರ್ಥವನ್ನೇ ಅರಿಯದವನು ಉಸಿರು ಮುಗಿದಲ್ಲಿ ನಿಲ್ಲುತ್ತಾನೆ.

ಹಾಗೆಂದು ಹಾಡುವ ಮಗುವನ್ನು ತಡೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಹಾಡು ಬಂದ ಮಗುವಿಗೆ ಉಚ್ಚಾರದ ಅರ್ಧ ಕೆಲಸ ಮುಗಿದಿರುತ್ತದೆ. ಉಳಿದರ್ಧವನ್ನು ಮಾಡಿಸುವುದು ಹಿರಿಯರ ಕರ್ತವ್ಯ. ನಮ್ಮ ಮನೆಯಲ್ಲಿ ಕೈಗೊಂಡಿರುವ ಕ್ರಮವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದಾಗಿ, ಹೊಸ ವಚನವನ್ನು ಹಾಡುವ ಮುನ್ನ ಮೂರು ಬಾರಿ ಮಾತಿನಂತೆ ಹೇಳಿಸುತ್ತೇವೆ. ಪ್ರತಿ ಶಬ್ದದ ಅರ್ಥವನ್ನು ಅಜ್ಜಿಯೇ ತಿಳಿಸುತ್ತಾರೆ. ಕೈಸನ್ನೆಯಿಂದಲೋ, ಮನೆಯ ವಸ್ತುವೊಂದನ್ನು ತೋರಿಸಿಯೋ ತಿಳಿಸುತ್ತಾರೆ. ಎರಡನೆಯದಾಗಿ, ದಿನಕ್ಕೆ ಒಂದೇ ಅಕ್ಷರ. ವರ್ಣಮಾಲೆಯಲ್ಲಿ 13 ಸ್ವರ, 34 ವ್ಯಂಜನ, 2 ಯೋಗವಾಹ, ಒಟ್ಟು 49. ಅಂದರೆ ಏಳು ವಾರಗಳ ಕೆಲಸ. ಗಂಟಲಿನಿಂದ ಹೊರಡುವ ಕವರ್ಗದಿಂದ ತುಟಿಯಲ್ಲಿ ಮುಗಿಯುವ ಪವರ್ಗದವರೆಗೆ ನಮ್ಮ ಪೂರ್ವಿಕರು ಅಕ್ಷರಗಳನ್ನು ಜೋಡಿಸಿದ ಕ್ರಮವೇ ಕಂಠಸಾಧನೆಯಂತಿದೆ. ಸಂಗೀತ ಕಲಿತ ಮಗುವಿಗೆ ಅದು ಸರಿಗಮದಷ್ಟೇ ಸಹಜವಾಗಿ ಒಗ್ಗುತ್ತದೆ. ಆಮೇಲೆ ಕಾಗುಣಿತ, ಒತ್ತಕ್ಷರ. ಮೂರನೆಯದಾಗಿ, ತನಗೆ ಬಾಯಿಪಾಠವಿರುವ ವಚನವನ್ನೇ ಕನ್ನಡ ಅಕ್ಷರಗಳಲ್ಲಿ ಮುಂದಿಟ್ಟು ಓದಿಸುತ್ತೇವೆ. ಕಿವಿಗೆ ಗೊತ್ತಿರುವುದನ್ನು ಕಣ್ಣು ಬೇಗ ಗುರುತಿಸುತ್ತದೆ. ನಾಲ್ಕನೆಯದು ಹಿರಿಯರಿಗೆ ಸಂಬಂಧಿಸಿದ್ದು. ಭಾನುವಾರದ ಆ ಅರ್ಧ ಗಂಟೆ ಮಗುವಿನ ತಾಯಿ ನಡುವೆ ಬಾಯಿ ಹಾಕುವಂತಿಲ್ಲ. ಉತ್ತರ ತಡವಾದರೂ ಸರಿ, ತಪ್ಪಾದರೂ ಸರಿ, ಅಜ್ಜಿ ಕಾಯುತ್ತಾರೆ.

ಈ ಕ್ರಮ ಆರಂಭವಾಗಿ ಕೆಲವು ತಿಂಗಳುಗಳಾದವು. ಮಗು ಇನ್ನೂ ಸರಾಗವಾಗಿ ಓದುವುದಿಲ್ಲ. ಒತ್ತಕ್ಷರ ಬಂದಲ್ಲಿ ತಡವರಿಸುತ್ತದೆ. ಆದರೆ ಕಳೆದ ತಿಂಗಳು ಅಂಚೆಯಲ್ಲಿ ಅಜ್ಜಿಯ ಹೆಸರಿಗೆ ಒಂದು ಕಾಗದ ಬಂದಿತು. ಅದರಲ್ಲಿ ಇದ್ದದ್ದು ನಾಲ್ಕೇ ಸಾಲು, ಎಲ್ಲವೂ ದಪ್ಪ ದಪ್ಪ ಕನ್ನಡ ಅಕ್ಷರಗಳಲ್ಲಿ. ತಾನು ಏನು ಉಂಡೆನೆಂಬುದೇ ಅದರ ವಿಷಯ. ಳಕಾರ ಬೇಕಾದಲ್ಲಿ ಳಕಾರವೇ ಇತ್ತು. ಅದನ್ನು ದೇವರಕೋಣೆಯಲ್ಲಿ ಇರಿಸಿಕೊಂಡಿದ್ದಾರೆ.

ವಿದೇಶದಲ್ಲಿರುವವರಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆಂದು ಯಾರೂ ಭಾವಿಸಬಾರದು. ಧಾರವಾಡದ ಓಣಿಯಲ್ಲಿಯೇ ಇದ್ದುಕೊಂಡು, ಇಂಗ್ಲಿಷ್ ಶಾಲೆಗೆ ಹೋಗಿ ಬಂದು, ಮನೆಯಲ್ಲಿ ಕನ್ನಡ ಮಾತನಾಡಿಯೂ ಕನ್ನಡದ ಒಂದು ಪುಟವನ್ನು ಓದಲು ಮನಸ್ಸು ಮಾಡದ ಮಕ್ಕಳು ಅನೇಕರಿದ್ದಾರೆ. ಅವರಿಗೆ ಮಾತು ಇದೆ, ಅಕ್ಷರವಿಲ್ಲ. ಕಡಲಾಚೆಯ ಮಗುವಿಗೆ ಹಾಡು ಇದೆ, ಮಾತಿಲ್ಲ. ಇಬ್ಬರಿಗೂ ಬೇಕಾದುದು ಮನೆಯ ಹಿರಿಯರ ದಿನದ ಹತ್ತು ನಿಮಿಷ. ಊಟವಾದ ಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಹಿಂದೆ ಎಷ್ಟೋ ಮನೆಗಳಲ್ಲಿ ನಡೆದುಬಂದ ಪದ್ಧತಿ. ಶ್ರಾವಣದ ಪುರಾಣಕ್ಕೆ ಮಾತ್ರ ಅದನ್ನು ಮೀಸಲಿಡದೆ ದಿನನಿತ್ಯದ ರೂಢಿಯನ್ನಾಗಿ ಮಾಡಿಕೊಂಡರೆ ಬೇರೆ ಖರ್ಚಿಲ್ಲ, ಬೇರೆ ಗುರುವೂ ಬೇಕಾಗುವುದಿಲ್ಲ.

ಹಾಡು ಮಗುವನ್ನು ಭಾಷೆಯ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಬಾ ಎಂದು ಕರೆಯುವುದು ಮಾತು. ಕರೆಯುವವರು ಒಂದು ದಿನ ಇಲ್ಲವಾದಾಗಲೂ ಬಾಗಿಲನ್ನು ತೆರೆದೇ ಇರಿಸುವುದು ಅಕ್ಷರ. ಆದುದರಿಂದ ಹಾಡುವ ಮಕ್ಕಳಿರುವ ಮನೆಯವರೆಲ್ಲರೂ ಬರುವ ಸೋಮವಾರದಿಂದಲೇ ಒಂದು ಪಾಟಿ, ಒಂದು ಬಳಪ ತಂದು 'ಅ' ಬರೆಯಿಸಲು ತೊಡಗಬೇಕೆಂದು ವಿನಂತಿಸುತ್ತೇವೆ. ಏಳು ವಾರಗಳ ನಂತರ ಮಗುವಿನ ಕೈಯಿಂದ ಬಂದ ಮೊದಲ ಸಾಲು ಯಾವುದೆಂಬುದನ್ನು ನಮಗೂ ತಿಳಿಸಿರಿ.